ಒಪ್ಪೋಲೆ

ಮೂವತ್ತೊಂದು ವರ್ಷ ಗದಗಿನ್ಯಾಗ ಮೊಳೆ ಜೋಡಿಸೀನಿ,
ಸೀಸದ ಅಕ್ಷರ, ಎಲ್ಲಾ ತಿರುವುಮುರುವು,
ಕನ್ನಡಿಯೊಳಗಿನ ಮಾರಿಯಂಗ.
ಪ್ರೆಸ್ಸು ಮುಚ್ಚಿದ ಮ್ಯಾಲೆ ಹುಬ್ಬಳ್ಳಿಗೆ ಬಂದು
ಲ್ಯಾಬಿನ್ಯಾಗ ಅಟೆಂಡರ್ ಆದೆ.
ಡಬ್ಬಿ ಹೊರೂದು, ಚೀಟಿ ಹಚ್ಚೂದು,
ಫ್ರಿಜ್ಜಿನ ಬಾಗಲಾ ಗಟ್ಟಿ ಹಾಕೂದು.

ಎಳ್ಳಮಾಸಿ ಆಗಿ ಮೂರನೇ ದಿನ
ಬೆಟಗೇರಿ ಹಾಸ್ಟೆಲ್ಲಿನ್ಯಾಗ ರಾತ್ರೋರಾತ್ರಿ
ನಲವತ್ಮೂರು ಹುಡುಗ್ಯಾರು ಹೊಟ್ಟಿ ಹಿಡಕೊಂಡು ಕುಂತ್ರು.
ಬಕೀಟು ಸಾಲದ ಹಪ್ಪಳದ ಡಬ್ಬಿ, ತಾಟು,
ಯಾರದೋ ಕಂಪಾಸ್ ಪೆಟಗಿ ಸೈತ.
ಹನ್ನೆರಡು ಮಂದಿ ಮಲದ ಡಬ್ಬಿ
ಥರ್ಮಾಕೋಲಿನ ಪೆಟಗ್ಯಾಗ ಇಟ್ಟು,
ಪೆಟಗಿ ತೊಡಿ ಮ್ಯಾಲೆ ಇಟಗೊಂಡು ಬಸ್ಸು ಹತ್ತಿದೆ.
ಬಾಜೂ ಕುಂತ ಅಜ್ಜಿ ಕೇಳಿದ್ಲು: "ಏನಪಾ, ಮೀನೇನು?"
"ಹೂಂ ಯವ್ವಾ" ಅಂದೆ.
ಅಣ್ಣಿಗೇರಿತನಾ ಸೆರಗು ಮೂಗಿನ ಮ್ಯಾಲಿಂದ ತಗೀಲಿಲ್ಲ ಆಕಿ.

ಹದಿನೈದು ದಿನಕ್ಕ ಮೆಹಜಬೀನ್ ಮೇಡಂ
ಮಿಷಿನ್ನಿನ ಹಾಳಿ ಬಿಡಿಸಿದ್ರು.
ಏಳೂವರಿ ಸಾವಿರ ಅಕ್ಷರ, ಬರೇ ನಾಕು ಮೊಳೆ.
ನಮ್ಮ ಕೇಸಿನ್ಯಾಗ ಖಾನೆ ಎಷ್ಟಿದ್ವು!
ಕೊಂಬು, ದೀರ್ಘ, ಒತ್ತು, ಅರ್ಕಾವತ್ತು.
ಇದು ನಾಕರಾಗ ಊರ ಮಲಗಸ್ತೈತಿ.

"ಇದು ಹಳೇದು, ಇದು ಹೊಸಾದು,
ಬಾಜೂಬಾಜೂ ಇಟ್ಟು ನೋಡ್ರಿ" ಅಂದ್ರು, ಚಾ ಕುಡಕೋತ.
ಪ್ರೂಫ್ ನೋಡಿದ ಕಣ್ಣು ಎಲ್ಲಿ ಬಿಡತೈತಿ.
ಇಲ್ಲೊಂದು ಮೊಳೆ ಬದ್ಲಿ, ಅಲ್ಲೊಂದು,
ಹೊರಗಿನ ಚಿಪ್ಪಿನ ಮಾತು ಬರೋ ಕಡೆ
ಒತ್ತೊತ್ತಾಗಿ ಆರು.
"ಇಷ್ಟ ಸಾಕು. ಹೋದ ಸಲ ಬಂದಾಗ
ಮೈ ಗುರ್ತು ಹಿಡಿದಿಟ್ಟ ಮಾರಿ ಇದಲ್ಲ.
ಕಳ್ಳಗ ತಾನ ಬಾಗಲಾ ತಗೀತೈತಿ."

ನನಗ ನೆನಪಾತು.
ಎರಡನೇತ್ತಾ ಪುಸ್ತಕದಾಗ ಒಮ್ಮೆ
'ಎಲ್ಲೆಲ್ಲೂ ಹಸಿರು' ಅನ್ನೂದು
'ಎಲ್ಲೆಲ್ಲೂ ಹಸಿವು' ಆಗಿ ಎಂಟು ಸಾವಿರ ಪ್ರತಿ ಹೋತು.
ಯಾವ ಮಾಸ್ತರನೂ ಕಾಗದ ಬರೀಲಿಲ್ಲ.
ಓದಾಕ ಬರೋ ತಪ್ಪು ಉಳಕೋತೈತಿ.
ಓದಾಕ ಬರಲಾರದ್ದು ರದ್ದಿಗೆ.

ಮತ್ತೂ ಒಂದು ತೋರಿಸಿದ್ರು ಮೇಡಂ.
ಹಾಳಿಯ ಮುಂದಿನ ಭಾಗ ಒಂದು ತಳಿದು, ಹಿಂದಿಂದು ಬ್ಯಾರೇದರದು.
ಎರಡೂ ಒಂದ ಹೊಟ್ಟ್ಯಾಗ ವಸ್ತಿ ಇದ್ದಾಗ ಹಿಂಗ ಆಗತೈತಂತ.
ಬೈಂಡರ್ ಫಕೀರಪ್ಪಗ ಕಣ್ಣುಬ್ಯಾನಿ ಬಂದ ವಾರ
ಪಂಚಾಂಗಕ್ಕ ಲೆಕ್ಕದ ಪುಸ್ತಕದ ಫಾರ್ಮು ಹೊಲದಿದ್ದ:
ಅಮಾಸಿ ದಾಟಿದ್ರ ಭಾಗಾಕಾರ.
ಅದೂ ಮಾರಿತ್ರಿ.

ಎಲ್ಲಿಂದ ಬಂತು ಅನ್ನೋ ಖಾನೆ ತುಂಬೂದಿತ್ತು.
ಹನ್ನೆರಡನೇ ಡಬ್ಬಿ ಅಡಗಿ ನೀಲವ್ವಂದು.
ಅದರಾಗೂ ಇದ ಹಾಳಿ, ಮೊಳೆಗೆ ಮೊಳೆ.
ವಾಂತಿ ನಿಂತು ನಾಕು ದಿನ ಆಗಿತ್ತು ಆಕಿಗೆ,
ಆರಾಮ ಅದೀನಿ ಅಂತ ಬಂದು ಸೌತಿಕಾಯಿ ಹೆಚ್ಚಿದ್ಲು.
ಮೈ ಆರಾಮಿತ್ತು. ಕೈ ಇರಲಿಲ್ಲ.
ಗ್ವಾಡಿ ಮ್ಯಾಲೆ ಕೊರೋನಾ ಕಾಲದ ಸ್ಯಾನಿಟೈಜರ್ ಬಾಟ್ಲಿ,
ಅದಕ್ಕ ಇದು ಬಗ್ಗೂದಿಲ್ಲ.
ಸಾಬಾಣದ ಜಾಗಾದಾಗ ಸಾಬಾಣದ ಕಾಗದ.
ಆಕಿಗೆ ಮೊಮ್ಮಗನಿಂದ, ಅವಗ ಅಂಗನವಾಡಿಯಿಂದ,
ಅದರಾಚೆ ಹಾಳಿ ಹರದೈತಿ.

ವಾರ್ಡನ್ ಫೋನ್ ಮಾಡಿದ್ರು:
"ಅಂದ್ರ ನೀಲವ್ವಂದ ತಪ್ಪು ಅಂತ ಬರದು ಕೊಡ್ರಿ."
ಮೇಡಂ ಪೆನ್ನು ಹಿಡಕೊಂಡು ಕುಂತ ಕುಂತ್ರು.
ನಾನು ಕೇಳಲಾರದ ಬಾಯಿ ಹಾಕಿದೆ.
ಪುಸ್ತಕದ ಕಡೀಕ ಒಪ್ಪೋಲೆ ಅಂತ ಹಾಕತಿದ್ವಿರಿ:
ಪುಟ, ಸಾಲು, ತಪ್ಪು, ಒಪ್ಪು.
ಜೋಡಿಸಿದಾತನ ಹೆಸರಿಗೆ ಖಾನೆ ಇರಲಿಲ್ಲ.

ಅವರು ನಗಲಿಲ್ಲ. ಬರದ್ರು:
ಪುಟ, ಅಡಗೀಮನಿ. ಸಾಲು, ಕೈತೊಳಿಯೋ ನಳ.
ತಪ್ಪು, ಸಾಬಾಣ ಇಲ್ಲ, ಜಡ್ಡಾದ್ರ ರಜಾಕ್ಕ ಪಗಾರ ಇಲ್ಲ.
ಆಮ್ಯಾಲೆ ಅದನ್ನ ಹೊಡದು ಹಾಕಿ
ಸರಕಾರಿ ಭಾಷಾದಾಗ ಬರದ್ರು. ಅರ್ಥ ಅದ ಉಳೀತು,
ಉಳದೈತಿ ಅಂತ ತಿಳದೀನಿ.

ನಿನ್ನೆ ನರಗುಂದದಿಂದ ಫೋನು:
ಮದಿವಿ ಮನಿ, ಇಪ್ಪತ್ತಾರು ಮಂದಿ.
ಪೆಟಗಿಗೆ ಬರ್ಫ ತುಂಬಾಕತ್ತೀನಿ.
ಬಸ್ಸಿನ್ಯಾಗ ಈ ಸಲ ಯಾರರ ಕೇಳಿದ್ರ
ಪ್ರೂಫು ಅಂತೀನಿ.
ಯಾರೂ ಮೂಗು ಮುಚ್ಚೂದಿಲ್ಲ.